ಮೈಕಿನ ಬಾಬ್ತು

ಕೋಣೆಯ ಗೋಡೆಗೆ ಅವರು ರಟ್ಟಿನ ತಟ್ಟೆಗಳನ್ನು ಹೊಡೆಯುತ್ತಿದ್ದಾರೆ. ಹೋಟೆಲಿನಲ್ಲಿ ನಾಲ್ಕು ಲೋಟ ತಂಪು ಪಾನೀಯ ಕಟ್ಟಿಸಿಕೊಂಡರೆ ದಾರಿಯಲ್ಲಿ ಚೆಲ್ಲದಿರಲಿ ಎಂದು ಕೊಡುತ್ತಾರಲ್ಲ, ನಾಲ್ಕು ಗುಳಿಗಳ ತಟ್ಟೆ, ಅದೇ. ಒಂದರ ಪಕ್ಕ ಒಂದು, ಸಾಲಾಗಿ, ಗೋಡೆ ಕಾಣದ ಹಾಗೆ. ಹೊರಗಿನ ಬೀದಿಯ ಗದ್ದಲ ಒಳಗೆ ಬರಬಾರದು, ಒಳಗಿನ ದನಿ ಬರಿಗೋಡೆಗೆ ಬಡಿದು ಗುಂಯ್‌ಗುಡಬಾರದು. ಸ್ಟುಡಿಯೋಗಳಲ್ಲಾದರೆ ಈ ಕೆಲಸಕ್ಕೆಂದೇ ಸ್ಪಂಜಿನ ಹಲಗೆಗಳಿರುತ್ತವೆ. ಇಲ್ಲಿ ಅಷ್ಟು ದುಡ್ಡಿಲ್ಲ. ಇರುವುದು ಸೆಕೆ, ಬೆವರು, ಒಂದು ಹಳೆಯ ಮನೆ, ಹಾಡಲು ಹೊರಟ ಒಬ್ಬ ತಲೆಹಿಡುಕ.

‘ಹಸಲ್ ಆ್ಯಂಡ್ ಫ್ಲೋ’ ಎಂಬ ಈ ಸಿನಿಮಾ ಬಂದದ್ದು 2005ರಲ್ಲಿ. ನಾನು ಮೊದಲು ನೋಡಿದ್ದು ಅದಾಗಿ ಎರಡು ವರ್ಷಕ್ಕೆ, ಬೆಂಗಳೂರಿನಲ್ಲಿ ಮೂವರು ಗೆಳೆಯರು ಹಂಚಿಕೊಂಡಿದ್ದ ಬಾಡಿಗೆ ಕೋಣೆಯಲ್ಲಿ, ಫುಟ್‌ಪಾತಿನಲ್ಲಿ ಕೊಂಡ ಡಿವಿಡಿಯಲ್ಲಿ. ಆಗ ನನಗೆ ಇಪ್ಪತ್ತಾರು. ಕೈಯಲ್ಲಿರುವ ಕೆಲಸವನ್ನು ಒದ್ದು ಏನಾದರೂ ಮಾಡಬೇಕು ಎಂಬ ಹುಕಿ ತಲೆಗೇರಿದ್ದ ಕಾಲ. ಸಿನಿಮಾ ಮುಗಿದಾಗ ಮೂವರೂ ಎದ್ದು ಚಪ್ಪಾಳೆ ತಟ್ಟಿದ್ದೆವು, ಟಿ.ವಿ. ಪೆಟ್ಟಿಗೆಗೆ. ಹೋದ ತಿಂಗಳು ಮತ್ತೆ ನೋಡಿದೆ. ಈ ಸಲ ಅದು ಮೊದಲಿಗಿಂತ ಒಳ್ಳೆಯ ಸಿನಿಮಾವಾಗಿ ಕಂಡಿತು, ಆದರೆ ಚಪ್ಪಾಳೆಗೆ ಕೈ ಏಳಲಿಲ್ಲ. ನಡುವೆ ಒಂದು ಲೆಕ್ಕ ಎದ್ದು ಕೂತಿತು. ಅದನ್ನು ಬರೆದಾದರೂ ಕಳೆದುಕೊಳ್ಳೋಣ ಎಂದು ಕೂತಿದ್ದೇನೆ.

ಕಥೆ ಅಮೆರಿಕದ ಟೆನೆಸ್ಸಿ ರಾಜ್ಯದ ಮೆಂಫಿಸ್ ಊರಿನದು. ಡಿಜೇ ಎಂಬವನು ಹೆಂಗಸರನ್ನು ದುಡಿಸಿ ತಿನ್ನುವವನು. ಅವನ ಆಶ್ರಯದಲ್ಲಿ, ಅಥವಾ ಹಿಡಿತದಲ್ಲಿ, ಮೂವರು ಇದ್ದಾರೆ. ಕಾರಿನಲ್ಲಿ ಅವನ ಜೊತೆ ಬೀದಿಗೆ ಹೋಗುವ ಬಿಳಿಯ ಹುಡುಗಿ ನೋಲಾ. ಕ್ಲಬ್ಬಿನಲ್ಲಿ ಕುಣಿಯುವ, ಕಂಕುಳಲ್ಲೊಂದು ಕೂಸಿರುವ ಲೆಕ್ಸಸ್. ತುಂಬು ಬಸುರಿಯಾದ್ದರಿಂದ ಸದ್ಯ ‘ಕೆಲಸ’ಕ್ಕೆ ಹೋಗದ ಶಗ್. ವಯಸ್ಸು ಜಾರುತ್ತಿದೆ ಎಂಬ ಅಳುಕು ಡಿಜೇಯನ್ನು ತಿನ್ನುತ್ತಿದೆ. ಒಂದು ದಿನ ಗಾಂಜಾ ಕೊಂಡವನೊಬ್ಬನ ಕಡೆಯಿಂದ ಪುಟ್ಟ ಕೀಬೋರ್ಡ್ ಒಂದು ಅವನ ಕೈಗೆ ಬರುತ್ತದೆ. ಜೊತೆಗೆ ಓದಿದ ಕೀ ಎಂಬ ಹಳೆಯ ಗೆಳೆಯ ಸಿಗುತ್ತಾನೆ. ಕೀ ಸಂಭಾವಿತ, ಮದುವೆಯಾದವನು, ವಕೀಲರ ಮುಂದಿನ ಹೇಳಿಕೆಗಳನ್ನೂ ಚರ್ಚಿನ ಹಾಡುಗಳನ್ನೂ ರೆಕಾರ್ಡ್ ಮಾಡಿ ಬದುಕುವವನು. ಅವನಿಗೂ ಒಂದು ಕಾಲದ ಕನಸು ಒಳಗೇ ಕೊಳೆತಿದೆ. ಡ್ರಮ್ ಯಂತ್ರದ ಜೊತೆ ಶೆಲ್ಬಿ ಎಂಬ ಬಿಳಿಯ ಸಣಕಲ ಹುಡುಗ ಬರುತ್ತಾನೆ. ಮೂವರೂ ಸೇರಿ ಹಾಡು ಕಟ್ಟತೊಡಗುತ್ತಾರೆ. ಊರಿನಿಂದ ಹೋಗಿ ದೊಡ್ಡ ರ‍್ಯಾಪ್ ತಾರೆಯಾದ ಸ್ಕಿನ್ನಿ ಬ್ಲ್ಯಾಕ್ ಜುಲೈ 4ರ ಸ್ವಾತಂತ್ರ್ಯ ದಿನದ ಹಬ್ಬಕ್ಕೆ ಬರುತ್ತಾನಂತೆ, ಅವನ ಕೈಗೊಂದು ಕ್ಯಾಸೆಟ್ ತುರುಕಿದರೆ ಬದುಕು ಬದಲಾಗುತ್ತದೆ. ಇಷ್ಟೇ ಆಸೆ.

ಶೀರ್ಷಿಕೆಯ ಮೊದಲ ಪದಕ್ಕೆ ನಮ್ಮಲ್ಲಿ ಒಂದೇ ಪದ ಇಲ್ಲ. ಹೊಟ್ಟೆಪಾಡು ಎಂದರೆ ಅದರೊಳಗಿನ ಕಪಟ ಬಿಟ್ಟುಹೋಗುತ್ತದೆ. ಮೋಸ ಎಂದರೆ ಅದರೊಳಗಿನ ಬೆವರು ಬಿಟ್ಟುಹೋಗುತ್ತದೆ. ಬೆಳಗಾದರೆ ಎಲ್ಲಿಂದ ಏನನ್ನು ಹೊಂಚಬೇಕು, ಯಾರ ಹತ್ತಿರ ಯಾವ ಮಾತಾಡಿದರೆ ಹತ್ತು ರೂಪಾಯಿ ಉದುರುತ್ತದೆ ಎಂದು ಲೆಕ್ಕ ಹಾಕುತ್ತಲೇ ಇರುವ ಬದುಕು ಅದು. ಆದರೆ ಡಿಜೇಯ ಕಸುಬಿಗೆ ನಮ್ಮಲ್ಲಿ ಪದ ಇದೆ, ಬೈಗುಳವಾಗಿ ದಿನಾ ಬಳಕೆಯಲ್ಲೂ ಇದೆ. ಇಂಗ್ಲಿಷಿನ ಪಿಂಪ್ ಎಂಬ ಪದಕ್ಕೆ ಹಾಡುಗಳಲ್ಲಿ ಕುಣಿದೂ ಕುಣಿದೂ ಒಂದು ಠೀವಿ ಅಂಟಿಕೊಂಡಿದೆ: ತುಪ್ಪಳದ ಕೋಟು, ಉದ್ದ ಕಾರು, ಬೆರಳಿಗೊಂದು ಉಂಗುರ. ಕನ್ನಡದಲ್ಲಿ ತಲೆಹಿಡುಕ ಎಂದಾಗ ಕೋಟೂ ಇಲ್ಲ, ಕಾರೂ ಇಲ್ಲ. ಯಾರದೋ ತಲೆಯನ್ನು ಹಿಡಿದ ಒಂದು ಕೈ ಮಾತ್ರ ಕಾಣುತ್ತದೆ. ಎರಡನೆಯ ಸಲ ನೋಡುವಾಗ ನಾನು ಮನಸ್ಸಿನಲ್ಲಿ ಕನ್ನಡದ ಪದವನ್ನೇ ಹೇಳಿಕೊಳ್ಳುತ್ತಿದ್ದೆ. ಬಹುಶಃ ಅದರಿಂದಲೇ ಸಿನಿಮಾ ಬೇರೆಯಾಗಿ ಕಂಡಿತು.

ಮೊದಲ ದೃಶ್ಯವೇ ಮಾತು. ಕಾರಿನಲ್ಲಿ ಕೂತು ಡಿಜೇ ನೋಲಾಗೆ ಮನುಷ್ಯನಿಗೂ ನಾಯಿಗೂ ಇರುವ ವ್ಯತ್ಯಾಸವನ್ನು ವಿವರಿಸುತ್ತಾನೆ. ನಾಯಿಗೆ ಸಾವಿನ ಅರಿವಿಲ್ಲ, ಮನುಷ್ಯನಿಗಿದೆ ಎಂಬ ಧಾಟಿಯ ತತ್ವ. ಡಿಜೇಯ ಪಾತ್ರ ಮಾಡಿದ ಟೆರೆನ್ಸ್ ಹೊವಾರ್ಡ್ ಆ ಮಾತನ್ನು ಎಷ್ಟು ಎಳೆದು, ಎಷ್ಟು ನಿಧಾನವಾಗಿ ಆಡುತ್ತಾನೆಂದರೆ ಅದು ಆಗಲೇ ಅರ್ಧ ಹಾಡು. ರ‍್ಯಾಪ್ ಹಾಡುವವರು ಫ್ಲೋ ಎನ್ನುವುದು ಇದನ್ನೇ: ತಾಳದ ಮೇಲೆ ಮಾತು ಎಲ್ಲಿ ಕೂರುತ್ತದೆ, ಎಲ್ಲಿ ತಾಳವನ್ನು ಬಿಟ್ಟು ಜಾರುತ್ತದೆ, ಮತ್ತೆ ಎಲ್ಲಿ ಬಂದು ಸೇರಿಕೊಳ್ಳುತ್ತದೆ. ಡಿಜೇಗೆ ಈ ವಿದ್ಯೆ ಬಂದದ್ದು ಸಂಗೀತದಿಂದಲ್ಲ. ಕಾರಿನಲ್ಲಿ ಕೂತ ಹುಡುಗಿಯನ್ನು ಇನ್ನೊಂದು ರಾತ್ರಿಗೆ ಒಪ್ಪಿಸುವ ದಂಧೆಯಿಂದ. ಇದು ನನಗೆ ಮೊದಲ ಸಲ ಹೊಳೆದಿರಲೇ ಇಲ್ಲ. ಅವನ ಪ್ರತಿಭೆಯೂ ಅವನ ಪಾಪವೂ ಹರಿಯುವುದು ಒಂದೇ ಗಂಟಲಿನಲ್ಲಿ.

ನಿರ್ದೇಶಕ ಕ್ರೇಗ್ ಬ್ರೂವರ್ ಬಿಳಿಯ. ಆದರೆ ಆ ಊರಿನ ಓಣಿಗಳನ್ನು ಬಲ್ಲವನು. ತಂದೆ ತೀರಿಕೊಂಡಾಗ ಬಂದ 20,000 ಡಾಲರಿನಲ್ಲಿ ಡಿಜಿಟಲ್ ಕ್ಯಾಮೆರಾ ಹಿಡಿದು ಮೊದಲ ಸಿನಿಮಾ ಮಾಡಿದ್ದ. ಈ ಎರಡನೆಯ ಕಥೆಯನ್ನು ಹೊತ್ತು ಸ್ಟುಡಿಯೋಗಳ ಬಾಗಿಲು ತಟ್ಟಿದಾಗ ಯಾರೂ ತೆರೆಯಲಿಲ್ಲ. ಕೊನೆಗೆ ಜಾನ್ ಸಿಂಗಲ್ಟನ್ ತನ್ನ ಸ್ವಂತ ಹಣ ಹಾಕಿದ. 24ನೆಯ ವಯಸ್ಸಿಗೇ ಆಸ್ಕರ್‌ನ ನಿರ್ದೇಶಕರ ಪಟ್ಟಿಗೆ ಹೆಸರು ಸೇರಿಸಿಕೊಂಡಿದ್ದವನು, ಆ ಪಟ್ಟಿಗೆ ಬಂದ ಮೊದಲ ಕಪ್ಪು ನಿರ್ದೇಶಕ. 2005ರ ಜನವರಿಯಲ್ಲಿ ಸನ್‌ಡ್ಯಾನ್ಸ್ ಉತ್ಸವದಲ್ಲಿ ಸಿನಿಮಾಕ್ಕೆ ಪ್ರೇಕ್ಷಕರ ಪ್ರಶಸ್ತಿ ಬಂತು, ಛಾಯಾಗ್ರಾಹಕಿ ಏಮಿ ವಿನ್ಸೆಂಟ್‌ಗೂ ಒಂದು ಪ್ರಶಸ್ತಿ ಬಂತು. ಅಲ್ಲೇ 90 ಲಕ್ಷ ಡಾಲರಿಗೆ ಸಿನಿಮಾ ಮಾರಾಟವಾಯಿತು. ಬಾಗಿಲು ಹಾಕಿಕೊಂಡಿದ್ದವರೇ ಪೈಪೋಟಿಗೆ ಬಿದ್ದಿದ್ದರಂತೆ. ಇದೆಲ್ಲ ಎಲ್ಲ ಸಿನಿಮಾಗಳ ಹಿಂದೆ ಇರುವ ಕಥೆಯೇ, ಬಿಡಿ. ನನ್ನ ಕಿವಿ ನೆಟ್ಟಗಾದದ್ದು ಆ 20,000 ಡಾಲರಿಗೆ. ಕನಸಿನ ಮೊದಲ ಕಂತನ್ನು ಇನ್ಯಾರೋ ಕಟ್ಟಿರುತ್ತಾರೆ.

ಮೆಂಫಿಸ್ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗಲಾರೆ. ಮಿಸಿಸಿಪ್ಪಿ ನದಿಯ ದಂಡೆಯ ಊರು. ಬ್ಲೂಸ್ ಹಾಡುಗಾರರ ಬೀಲ್ ಬೀದಿ ಇಲ್ಲಿಯದು. 1954ರಲ್ಲಿ ಎಲ್ವಿಸ್ ಪ್ರೀಸ್ಲಿ ಮಾರಾಟಕ್ಕೆ ಬಂದ ತನ್ನ ಮೊದಲ ಗ್ರಾಮಫೋನ್ ತಟ್ಟೆಗೆ ಹಾಡಿದ ಸನ್ ಸ್ಟುಡಿಯೋ ಇಲ್ಲಿಯದು. ಹಳೆಯ ಚಿತ್ರಮಂದಿರವೊಂದನ್ನು ಸ್ಟುಡಿಯೋ ಮಾಡಿಕೊಂಡು ಸೋಲ್ ಸಂಗೀತವನ್ನು ಜಗತ್ತಿಗೆ ಹಂಚಿದ ಸ್ಟ್ಯಾಕ್ಸ್ ಸಂಸ್ಥೆ ಇಲ್ಲಿಯದು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದದ್ದೂ ಇಲ್ಲೇ, ಲೊರೇನ್ ಮೊಟೆಲಿನಲ್ಲಿ. ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲ ಕೊಡಲು ಅವರು ಬಂದಿದ್ದರು. ಸ್ಟ್ಯಾಕ್ಸ್‌ನ ಸಂಗೀತಗಾರರು, ಕಪ್ಪು ಬಿಳಿ ಎನ್ನದೆ, ಸೇರುತ್ತಿದ್ದ ಮೊಟೆಲ್ ಕೂಡ ಅದೇ. 1975ರಲ್ಲಿ ಸ್ಟ್ಯಾಕ್ಸ್ ದಿವಾಳಿಯಾಯಿತು, 1989ರಲ್ಲಿ ಕಟ್ಟಡವನ್ನೇ ಕೆಡವಿದರು, 2003ರಲ್ಲಿ ಅದೇ ಜಾಗದಲ್ಲಿ ವಸ್ತುಸಂಗ್ರಹಾಲಯ ಎದ್ದಿತು. ಡಿಜೇಯ ಕಾರು ಓಡಾಡುವುದು ಹೀಗೆ ಹಾಡಿಯೂ ಬರಿಗೈಯಾದ ಊರಿನಲ್ಲಿ.

ಸ್ಟ್ಯಾಕ್ಸ್‌ನ ದೊಡ್ಡ ಹೆಸರು ಐಸಾಕ್ ಹೇಸ್. 1972ರಲ್ಲಿ ಸಿನಿಮಾ ಹಾಡಿಗೆ ಆಸ್ಕರ್ ಪಡೆದ ಮೊದಲ ಕಪ್ಪು ಸಂಗೀತಗಾರ. ಅವರು ಈ ಸಿನಿಮಾದಲ್ಲಿ ಆರ್ನೆಲ್ ಎಂಬ ಬಾರಿನ ಮಾಲೀಕನಾಗಿ ಬರುತ್ತಾರೆ. ಸ್ಕಿನ್ನಿ ಬ್ಲ್ಯಾಕ್ ಬರುವುದು ಅವರ ಬಾರಿಗೇ. ಆಸ್ಕರ್ ಹಿಡಿದಿದ್ದ ಕೈ ಗಲ್ಲಾಪೆಟ್ಟಿಗೆಯ ಹಿಂದೆ ಇದೆ, ಆಸ್ಕರ್ ತರಲಿರುವ ಹಾಡು ಆ ಬಾರಿನ ಬಾಗಿಲಿಗೆ ಬಂದು ನಿಲ್ಲುತ್ತದೆ. ಚಿತ್ರೀಕರಣದ ಹೊತ್ತಿಗೆ ಇದು ಯಾರಿಗೂ ಗೊತ್ತಿರಲು ಸಾಧ್ಯವಿಲ್ಲ. ಸಿನಿಮಾದ ಹೊರಗೆ ಕೂತು ನೋಡುವ ನಮಗೆ ಮಾತ್ರ ಸಿಗುವ ಲಾಭ ಇದು.

ಈಗ ಮೈಕಿನ ಮಾತಿಗೆ ಬರುತ್ತೇನೆ.

ಹಾಡು ಕಟ್ಟಿದ್ದಾಯಿತು, ಗೋಡೆಗೆ ತಟ್ಟೆ ಹೊಡೆದದ್ದಾಯಿತು. ಆದರೆ ಒಳ್ಳೆಯ ಮೈಕಿಲ್ಲದೆ ದನಿ ದನಿಯಂತೆ ಕೇಳುವುದಿಲ್ಲ. ಕೀಗೆ ಅದು ಗೊತ್ತು. ಡಿಜೇ ನೋಲಾಳನ್ನು ಕರೆದುಕೊಂಡು ಸಂಗೀತದ ಸಾಮಾನಿನ ಅಂಗಡಿಗೆ ಹೋಗುತ್ತಾನೆ. ಬೆಲೆ ಅವನ ಕೈಗೆ ನಿಲುಕುವಂಥದ್ದಲ್ಲ. ಅಂಗಡಿಯವನ ಕಣ್ಣು ನೋಲಾಳ ಮೇಲೆ ಬೀಳುತ್ತದೆ. ಆಮೇಲೆ ಹೆಚ್ಚು ಮಾತು ಬೇಕಾಗುವುದಿಲ್ಲ. ಮೈಕು ಬರುತ್ತದೆ. ನೋಲಾ ಸಿಟ್ಟಿನಿಂದ ನಡುಗುತ್ತಾಳೆ. ದಿನವೂ ಅಪರಿಚಿತರ ಕಾರು ಹತ್ತುವವಳಿಗೆ ಇದೊಂದು ಯಾಕೆ ಅಷ್ಟು ನೋಯಿಸಿತು? ಬೀದಿಯಲ್ಲಿ ಅದು ಕಸುಬು, ಅವಳಿಗೊಂದು ಲೆಕ್ಕವಿದೆ. ಇಲ್ಲಿ ಅವಳು ನೋಟಿನ ಕಂತೆ. ಅವಳನ್ನು ಒಂದು ಮಾತು ಕೇಳದೆ ಗಲ್ಲಾದ ಮೇಲೆ ಎಣಿಸಿಟ್ಟಿದ್ದಾನೆ. ಅದೂ ಕನಸಿನ ಕೆಲಸಕ್ಕೆ, ಅವಳೂ ತನ್ನದೆಂದು ನಂಬಿಕೊಂಡಿದ್ದ ಕನಸಿನ ಕೆಲಸಕ್ಕೆ.

ಮೊದಲ ಸಲ ನೋಡಿದಾಗ ಈ ದೃಶ್ಯ ನಮಗೆ ಒಂದು ಅಡಚಣೆಯಾಗಿತ್ತು ಅಷ್ಟೇ. ನಾಯಕ ದಾಟಬೇಕಾದ ಹಳ್ಳ. ಮೈಕು ಸಿಕ್ಕಿತಲ್ಲ, ಸದ್ಯ, ಎಂದು ಉಸಿರು ಬಿಟ್ಟಿದ್ದೆವು. ಮೂವರಲ್ಲಿ ಒಬ್ಬನಾದರೂ ಮುಖ ತಿರುಗಿಸಿದ್ದನೇ ಎಂದು ಈಗ ನೆನಪಿಸಿಕೊಳ್ಳಲು ಪ್ರಯತ್ನಿಸುತ್ತೇನೆ. ಇಲ್ಲ ಎಂದೇ ತೋರುತ್ತದೆ.

ಈ ಸಲ ಅಲ್ಲಿ ಸಿನಿಮಾ ನಿಲ್ಲಿಸಿ ಎದ್ದು ಚಹಾ ಮಾಡಿಕೊಂಡೆ. ಒಲೆಯ ಮುಂದೆ ನಿಂತಾಗ ನೆನಪಾದದ್ದು ರಾಣೆಬೆನ್ನೂರು, 1996, ನಮ್ಮಣ್ಣನ ಕ್ಯಾಸಿಯೋ.

ನಮ್ಮ ಕಡೆ ಎಲ್ಲ ಕೀಬೋರ್ಡಿಗೂ ಕ್ಯಾಸಿಯೋ ಎಂದೇ ಹೆಸರು, ಕಂಪನಿ ಯಾವುದೇ ಇರಲಿ. ಅಣ್ಣ ಹಗಲು ಬೀಜದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ, ರಾತ್ರಿ ಆರ್ಕೆಸ್ಟ್ರಾ. ಗಣಪತಿ ಹಬ್ಬ, ಜಾತ್ರೆ, ಮದುವೆಯ ಹಿಂದಿನ ದಿನ, ಎಲ್ಲ ಕಡೆ ‘ರಸಮಂಜರಿ’ ಎಂಬ ಬ್ಯಾನರ್. ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ನುಡಿಸುತ್ತಿದ್ದವನು ಅವನೇ, ಆದರೆ ನುಡಿಸುತ್ತಿದ್ದುದು ಬಾಡಿಗೆಯ ವಾದ್ಯ. ಹಬ್ಬದ ದಿನಗಳಲ್ಲಿ ಬಾಡಿಗೆ ಕಳೆದು ಅವನ ಪಾಲಿಗೆ ಉಳಿಯುತ್ತಿದ್ದುದು ಊಟ ಮತ್ತು ಬಸ್ಸಿನ ಖರ್ಚು. ಸ್ವಂತದ್ದೊಂದು ಬೇಕೇ ಬೇಕು ಎಂದು ಹಟ ಹಿಡಿದ. ಹುಬ್ಬಳ್ಳಿಗೆ ಹೋಗಿ ತಂದ. ಇಪ್ಪತ್ತೆರಡು ಸಾವಿರ. ಕೌದಿಯಲ್ಲಿ ಸುತ್ತಿ, ಬಸ್ಸಿನ ಟಾಪಿನ ಮೇಲೆ ಹಾಕಲು ಮನಸ್ಸಾಗದೆ, ಇಡೀ ದಾರಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಬಂದನಂತೆ. ಪಕ್ಕದವರು ಹೆಣ ಹೊತ್ತವನಂತೆ ನೋಡುತ್ತಿದ್ದರು ಎಂದು ಹೇಳಿಕೊಂಡು ನಗುತ್ತಿದ್ದ.

ನಾನಾಗ ಹತ್ತನೆಯ ತರಗತಿ. ಕೌದಿ ಬಿಚ್ಚಿದಾಗ ಮೊದಲು ಬಂದ ಹೊಸ ಪ್ಲಾಸ್ಟಿಕ್ಕಿನ ವಾಸನೆ ಈಗಲೂ ನೆನಪಿದೆ. ಅಣ್ಣ ಒಂದು ಸ್ವರ ಒತ್ತಿ ಹಿಡಿದ, ಮನೆಯೆಲ್ಲ ವಯಲಿನ್ನಿನಿಂದ ತುಂಬಿತು. ಅವ್ವ ಊದುಬತ್ತಿ ಹಚ್ಚಿದಳು. ಅತ್ತಿಗೆ ಕುಂಕುಮದ ಬಟ್ಟಲು ಹಿಡಿದು ಬಂದು ವಾದ್ಯದ ಮೂಲೆಗೆ ಒಂದು ಬೊಟ್ಟು ಇಟ್ಟರು. ಬಾಗಿದಾಗ ಅವರ ಕೊರಳಿನಿಂದ ಹಳದಿ ದಾರವೊಂದು ಮುಂದಕ್ಕೆ ಜೋತು ಬಿತ್ತು, ಅದರ ತುದಿಯಲ್ಲಿ ಒಂದು ಅರಿಶಿನದ ಕೊಂಬು. ಬಂಗಾರದ ಸರ ಇರಲಿಲ್ಲ. ನಾನು ನೋಡಿದೆ. ನೋಡಿದ್ದನ್ನು ಅವರೂ ನೋಡಿದರು. ಸೆರಗು ಸರಿ ಮಾಡಿಕೊಂಡು, ‘ತಮ್ಮಾ, ನೀನೂ ಒಂದು ಸ್ವರ ಒತ್ತು’ ಎಂದರು.

ಇದನ್ನು ನಾನು ಇಷ್ಟು ವರ್ಷ ಎಷ್ಟೋ ಜನಕ್ಕೆ ಹೇಳಿದ್ದೇನೆ. ಹೇಳುವಾಗಲೆಲ್ಲ ಅದು ಅಣ್ಣನ ಕಥೆ. ಕಲೆಗಾಗಿ ಹೆಂಡತಿಯ ಸರವನ್ನೂ ಅಡವಿಟ್ಟ ಮನುಷ್ಯ. ಕೇಳಿದವರು ಅಬ್ಬಾ ಎನ್ನುತ್ತಿದ್ದರು. ಅಬ್ಬಾ ಎಂಬುದು ಅಣ್ಣನ ಖಾತೆಗೆ ಜಮೆಯಾಗುತ್ತಿತ್ತು.

ತಲೆಹಿಡುಕನನ್ನೂ ನಮ್ಮಣ್ಣನನ್ನೂ ಒಂದೇ ತಕ್ಕಡಿಗೆ ಹಾಕುತ್ತಿದ್ದೇನೆ ಎಂದು ತಿಳಿಯಬೇಡಿ. ಅಣ್ಣ ಒಳ್ಳೆಯವನು, ಹೆದರುಪುಕ್ಕಲ, ಹೆಂಡತಿಯ ಮೇಲೆ ದನಿ ಎತ್ತಿದವನಲ್ಲ. ಸರ ಕೊಡುವಾಗ ಅತ್ತಿಗೆಯ ಒಪ್ಪಿಗೆ ಇತ್ತು. ನೋಲಾಳಿಗೆ ಅದೂ ಇರಲಿಲ್ಲ. ಎರಡರ ನಡುವೆ ಭೂಮಿ ಆಕಾಶದ ಅಂತರ. ಆದರೂ ಚಹಾ ಕುದಿಯುವಷ್ಟು ಹೊತ್ತು ಎರಡೂ ಒಂದರ ಪಕ್ಕ ಒಂದು ನಿಂತವು, ಗೋಡೆಯ ಮೇಲಿನ ಆ ರಟ್ಟಿನ ತಟ್ಟೆಗಳ ಹಾಗೆ.

ಸಿನಿಮಾದ ಅತ್ಯಂತ ಸೊಗಸಾದ ದೃಶ್ಯ ಇನ್ನೊಂದಿದೆ, ಅದೂ ಇದೇ ಗಾಯದ ಮೇಲೆ ಬರೆದದ್ದು. ಹಾಡಿಗೆ ಪಲ್ಲವಿ ಬೇಕು. ರ‍್ಯಾಪ್‌ನಲ್ಲಿ ಮಾತಿನ ಓಟ ಎಷ್ಟೇ ಚುರುಕಾಗಿದ್ದರೂ ಕೇಳಿದವರ ಬಾಯಲ್ಲಿ ಉಳಿಯುವುದು ಮತ್ತೆ ಮತ್ತೆ ಬರುವ ಆ ಒಂದು ಸಾಲು. ಅದನ್ನು ಹಾಡಲು ಹೆಣ್ಣು ದನಿ ಬೇಕು. ಮನೆಯಲ್ಲಿ ಇರುವವಳು ಶಗ್. ತುಂಬಿದ ಹೊಟ್ಟೆ ಹೊತ್ತು ಅವಳು ಮೈಕಿನ ಮುಂದೆ ಬಂದು ನಿಲ್ಲುತ್ತಾಳೆ. ಮೊದಲು ದನಿಯೇ ಬರುವುದಿಲ್ಲ. ಅವರು ಮತ್ತೆ ಹಾಡಿಸುತ್ತಾರೆ. ಮತ್ತೆ. ಒಂದು ಹಂತದಲ್ಲಿ ಅವಳ ಗಂಟಲು ಎಲ್ಲಿಂದಲೋ ತೆರೆದುಕೊಳ್ಳುತ್ತದೆ, ಕೋಣೆಯಲ್ಲಿದ್ದ ಮೂವರು ಗಂಡಸರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ತಾನು ಹಾಡಿದ್ದನ್ನು ತಾನೇ ಕೇಳುವಾಗ ಶಗ್‌ಳ ಮುಖವನ್ನು ನೋಡಬೇಕು. ತರಾಜಿ ಹೆನ್ಸನ್ ಆ ಪಾತ್ರ ಮಾಡಿದಾಕೆ, ಹಾಡಿದ್ದೂ ಆಕೆಯೇ. ಜೀವಮಾನದಲ್ಲಿ ಮೊದಲ ಬಾರಿಗೆ ಯಾರಿಗೋ ತಾನು ಬೇಕಾಗಿದ್ದೇನೆ ಎಂಬುದು ಆ ಮುಖದಲ್ಲಿ ಏಳುತ್ತದೆ, ಅದನ್ನು ನಂಬಬಹುದೇ ಎಂಬ ಅಂಜಿಕೆಯೂ ಜೊತೆಗೇ ಏಳುತ್ತದೆ.

ಅವಳು ಹಾಡುತ್ತಿರುವುದೇನು? ಮನೆ ಬಾಡಿಗೆಗೆ ದುಡ್ಡು ಹೊಂದಿಸಲು ಪಿಂಪ್ ಪಡುವ ಪಾಡನ್ನು. ಅವನ ಬದುಕು ಎಷ್ಟು ಕಷ್ಟ ಎಂಬುದನ್ನು. ಅವನು ಯಾರನ್ನು ಮಾರಿ ಬಾಡಿಗೆ ಕಟ್ಟುತ್ತಾನೋ ಅವಳೇ ಅವನ ಕಷ್ಟವನ್ನು ಹಾಡುತ್ತಾಳೆ, ಕಣ್ಣು ತುಂಬಿಕೊಂಡು ಹಾಡುತ್ತಾಳೆ.

ನಮ್ಮ ಉತ್ತರ ಕರ್ನಾಟಕದ ಲಾವಣಿಯಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಪಕ್ಷ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಉತ್ತರ ಕೊಡುತ್ತಾರೆ. ಸವಾಲಿಗೆ ಜವಾಬು, ಜವಾಬಿಗೆ ಮತ್ತೆ ಸವಾಲು, ಬೆಳಗಿನವರೆಗೂ. ರ‍್ಯಾಪ್‌ನಲ್ಲಿ ಇಬ್ಬರು ಎದುರುಬದುರು ನಿಂತು ಮಾತಿನಲ್ಲೇ ಹೊಡೆದಾಡುವುದನ್ನು ಮೊದಲು ಕಂಡಾಗ ನನಗೆ ನೆನಪಾದದ್ದು ಅದೇ. ಮೆಂಫಿಸ್‌ನ ಆ ಕೋಣೆಯಲ್ಲಿ ಇರುವುದು ಬರೀ ಹರದೇಶಿ. ನಾಗೇಶಿಗೆ ನಿಲ್ಲಬೇಕಾದವಳನ್ನು ಹಿಮ್ಮೇಳಕ್ಕೆ ನಿಲ್ಲಿಸಿದ್ದಾರೆ. ನಮ್ಮ ಕಡೆಯ ಹಳೆಯ ಹಾಡುಗಾರ್ತಿಯರು ಯಾರಾದರೂ ಅಲ್ಲಿ ಇದ್ದಿದ್ದರೆ ಡಪ್ಪಿಗೆ ಒಂದು ಪೆಟ್ಟು ಕೊಟ್ಟು ಏನೆಂದು ಜವಾಬು ಹೇಳುತ್ತಿದ್ದರೋ.

ಇನ್ನೊಂದು ಹಾಡು ಕಟ್ಟುವಾಗ ನಡೆಯುವುದು ಇನ್ನೂ ತಮಾಷೆ. ಅದರ ಮೊದಲ ಸಾಲಿನಲ್ಲಿ ಹೆಂಗಸರಿಗೆ ಬಳಸುವ ಬೈಗುಳವೊಂದಿದೆ. ರೇಡಿಯೋದವರು ಹಾಕುವುದಿಲ್ಲ ಎಂದು ಕೀ ತಕರಾರು ತೆಗೆಯುತ್ತಾನೆ. ಪದ ಬದಲಾಗುತ್ತದೆ. ಹೊಸದಾಗಿ ಬಂದು ಕೂರುವ ಪದಕ್ಕೆ ಬೀದಿಯ ಭಾಷೆಯಲ್ಲಿ ಗಿರಾಕಿ ಎಂಬ ಅರ್ಥವಿದೆ. ಹೊಡೆತ ತಿನ್ನಬೇಕಾದವಳು ಹೋಗಿ ಹೊಡೆತ ತಿನ್ನಬೇಕಾದವನು ಬಂದ, ಹಾಡಿಗೆ ಏನೂ ಆಗಲಿಲ್ಲ. ಆ ಹಾಡನ್ನು ಬರೆದದ್ದು ಮೆಂಫಿಸ್‌ನದೇ ರ‍್ಯಾಪರ್ ಅಲ್ ಕಪೋನ್. ಮುಂದೆ ಅದು ಊರಿನ ಬಾಸ್ಕೆಟ್‌ಬಾಲ್ ತಂಡ ಗ್ರಿಝ್ಲೀಸ್‌ನ ಪಂದ್ಯಗಳಲ್ಲಿ ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ಕೂಗುವ ಘೋಷಣೆಯಾಯಿತು. ಮಕ್ಕಳು ಮರಿ ಸಮೇತ.

ಶಗ್ ಹಾಡಿದ ಹಾಡು ಹೋದ ದೂರವಂತೂ ಎಲ್ಲರಿಗೂ ಗೊತ್ತು. ಅದನ್ನು ಬರೆದವರು ಜೂಸಿ ಜೆ, ಡಿಜೆ ಪಾಲ್ ಮತ್ತು ಫ್ರೇಸರ್ ಬಾಯ್. ಮೊದಲಿಬ್ಬರು 1991ರಲ್ಲಿ ಶುರುವಾದ ತ್ರೀ ಸಿಕ್ಸ್ ಮಾಫಿಯಾ ತಂಡದವರು, ಊರಿನಲ್ಲಿ ಕೈಯಿಂದ ಕೈಗೆ ಕ್ಯಾಸೆಟ್ ಮಾರಿ ಮೇಲೆ ಬಂದವರು. ಫ್ರೇಸರ್ ಎಂಬುದು ಮೆಂಫಿಸ್‌ನ ಉತ್ತರ ಭಾಗದ ಒಂದು ಬಡಾವಣೆ. ಮೂರನೆಯವನು ತನ್ನ ಬಡಾವಣೆಯ ಹೆಸರನ್ನೇ ಇಟ್ಟುಕೊಂಡಿದ್ದ. 2006ರ ಮಾರ್ಚ್ 5ರ ರಾತ್ರಿ ಆಸ್ಕರ್ ವೇದಿಕೆಯಲ್ಲಿ ಅವರು ಆ ಹಾಡನ್ನು ಹಾಡಿದರು. ಆ ವೇದಿಕೆಯಲ್ಲಿ ಹಿಪ್‌ಹಾಪ್ ಕಲಾವಿದರು ಹಾಡಿದ್ದು ಅದೇ ಮೊದಲು. ಅದಕ್ಕೂ ಮೂರು ವರ್ಷದ ಹಿಂದೆ ರ‍್ಯಾಪರ್ ಎಮಿನೆಮ್ ಹಾಡಿಗೆ ಆಸ್ಕರ್ ಬಂದಾಗ ಆತ ಸಮಾರಂಭಕ್ಕೇ ಬಂದಿರಲಿಲ್ಲ. ಟಿ.ವಿ.ಗಾಗಿ ಇಲ್ಲೂ ಪದಗಳನ್ನು ಬದಲಿಸಿದ್ದರು. ಹಾಡು ಎಲ್ಲಿಗೆ ಹೋದರೂ ಬಾಗಿಲಲ್ಲಿ ಪದ ತೊಳೆದುಕೊಂಡೇ ಒಳಗೆ ಹೋಗಬೇಕು. ಪಲ್ಲವಿಗೆ ತರಾಜಿ ಹೆನ್ಸನ್ ನಿಂತಿದ್ದರು. ಆ ವರ್ಷ ಸ್ಪರ್ಧೆಯಲ್ಲಿದ್ದದ್ದು ಮೂರೇ ಹಾಡು, ಅದರಲ್ಲೊಂದು ಟೆನೆಸ್ಸಿಯ ಇನ್ನೊಬ್ಬ ಮಗಳು ಡಾಲಿ ಪಾರ್ಟನ್‌ರದು. ಲಕೋಟೆ ಒಡೆದಾಗ ಬಂದದ್ದು ತ್ರೀ ಸಿಕ್ಸ್ ಮಾಫಿಯಾ ಹೆಸರು. ಅವರು ವೇದಿಕೆಗೆ ನುಗ್ಗಿದ ರೀತಿಯನ್ನು ಈಗಲೂ ಯೂಟ್ಯೂಬಿನಲ್ಲಿ ನೋಡಬಹುದು, ಲಾಟರಿ ಹೊಡೆದ ಮನೆಯವರ ಹಾಗೆ. ಹೆಸರಾಂತ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿಗೆ ಸೊನ್ನೆ ಆಸ್ಕರ್, ಇವರಿಗೆ ಒಂದು ಎಂದು ನಿರೂಪಕ ಜಾನ್ ಸ್ಟೂವರ್ಟ್ ಅಂಕ ಲೆಕ್ಕ ಹಾಕಿ ಸಭೆಯನ್ನು ನಗಿಸಿದ. ಟೆರೆನ್ಸ್ ಹೊವಾರ್ಡ್ ಶ್ರೇಷ್ಠ ನಟರ ಪಟ್ಟಿಯಲ್ಲಿದ್ದ, ಗೆಲ್ಲಲಿಲ್ಲ.

ಕಪ್ಪು ಜನರ ಇಷ್ಟೊಂದು ಸಂಗೀತದಲ್ಲಿ ಮನ್ನಣೆಗೆ ಈ ಹಾಡೇ ಸಿಗಬೇಕಿತ್ತೇ ಎಂದು ಆಗ ಕೇಳಿದವರಿದ್ದರು. ಅದು ಸರಿಯಾದ ಪ್ರಶ್ನೆ. ನನಗೆ ಆ ಮೂವರ ಸಂತೋಷದ ಬಗ್ಗೆ ಹೊಟ್ಟೆಕಿಚ್ಚಿಲ್ಲ, ಕ್ಯಾಸೆಟ್ ಮಾರಿ ಬಂದವರು ಅವರು. ಆದರೆ ಹಾಡಿನೊಳಗಿನ ಆ ಹೆಣ್ಣು ದನಿ ಆ ರಾತ್ರಿಯೂ ಹಿಮ್ಮೇಳದಲ್ಲೇ ಇತ್ತು.

ಸಿನಿಮಾಗೆ ಇದೆಲ್ಲ ಗೊತ್ತಿದೆಯೇ? ಅರ್ಧ ಗೊತ್ತಿದೆ ಎನ್ನುತ್ತೇನೆ. ಮೈಕಿನ ದೃಶ್ಯವನ್ನು ಬಚ್ಚಿಡದೆ ತೋರಿಸಿದ್ದು ಅದರ ಪ್ರಾಮಾಣಿಕತೆ. ಬಚ್ಚಿಟ್ಟಿದ್ದರೆ ಡಿಜೇಯನ್ನು ಪ್ರೀತಿಸುವುದು ನಮಗೆ ಸುಲಭವಾಗುತ್ತಿತ್ತು. ಆದರೆ ಲೆಕ್ಸಸ್ ವಿಷಯದಲ್ಲಿ ಅದು ಕೈಕೊಡುತ್ತದೆ. ಅವಳು ಡಿಜೇಯ ಹಾಡನ್ನು ಹಂಗಿಸುತ್ತಾಳೆ, ಅವನು ಅವಳನ್ನು ಕೂಸಿನ ಸಮೇತ ಮನೆಯಿಂದ ಹೊರಗೆ ಹಾಕುತ್ತಾನೆ. ಕೂಸಿನ ತೊಟ್ಟಿಲು, ಗಂಟುಮೂಟೆ, ಎಲ್ಲ ಬಾಗಿಲಾಚೆ. ಆಮೇಲೆ ಅವಳ ಗತಿ ಏನಾಯಿತು ಎಂಬ ಬಗ್ಗೆ ಸಿನಿಮಾ ತಲೆ ಕೆಡಿಸಿಕೊಳ್ಳುವುದಿಲ್ಲ. ಕನಸನ್ನು ನಂಬಿದ ಇಬ್ಬರಿಗೆ ಕಥೆಯಲ್ಲಿ ಜಾಗ ಸಿಕ್ಕಿತು, ನಂಬದವಳಿಗೆ ಬೀದಿ. ಲೆಕ್ಸಸ್ ಬಾಯಿ ಹರುಕಿ, ನಿಜ. ಆ ಮನೆಯಲ್ಲಿ ಲೆಕ್ಕವನ್ನು ಬಾಯಿಬಿಟ್ಟು ಹೇಳಿದವಳು ಅವಳೊಬ್ಬಳೇ ಎಂಬುದೂ ನಿಜ.

ಸ್ಕಿನ್ನಿ ಬ್ಲ್ಯಾಕ್ ಪಾತ್ರದಲ್ಲಿ ಸ್ವತಃ ದೊಡ್ಡ ರ‍್ಯಾಪರ್ ಆದ ಲೂಡಕ್ರಿಸ್ ಇದ್ದಾನೆ. ಬಾರಿನಲ್ಲಿ ಡಿಜೇ ಅವನ ಪಕ್ಕ ಕೂತು ಮಾತಿನ ಬಲೆ ಬೀಸುತ್ತಾನೆ. ಹಳೆಯ ದಿನ, ಹಳೆಯ ಓಣಿ, ಹಳೆಯ ಕ್ಯಾಸೆಟ್. ಕಾರಿನಲ್ಲಿ ನೋಲಾಳನ್ನು ಒಪ್ಪಿಸಿದ ಅದೇ ಗಂಟಲು. ಸ್ಕಿನ್ನಿ ಕ್ಯಾಸೆಟ್ ತೆಗೆದುಕೊಳ್ಳುತ್ತಾನೆ. ಗೆದ್ದೆ ಎಂದುಕೊಂಡ ಡಿಜೇ ಸ್ವಲ್ಪ ಹೊತ್ತಿಗೆ ಶೌಚಾಲಯಕ್ಕೆ ಹೋದರೆ ಅವನ ಕ್ಯಾಸೆಟ್ ಅಲ್ಲಿ ಬಿದ್ದಿದೆ. ಅಷ್ಟೂ ಜನರ ಬೆವರು, ನೋಲಾಳ ಮೈಕು, ಶಗ್‌ಳ ದನಿ, ಎಲ್ಲ ಕಕ್ಕಸಿನಲ್ಲಿ. ಹೊಡೆದಾಟವಾಗುತ್ತದೆ, ಡಿಜೇ ಜೈಲಿಗೆ ಹೋಗುತ್ತಾನೆ. ಹೋಗುವಾಗ ಜವಾಬ್ದಾರಿಯನ್ನು ನೋಲಾಳಿಗೆ ಒಪ್ಪಿಸುತ್ತಾನೆ. ನೋಲಾ ಅಚ್ಚುಕಟ್ಟಾಗಿ ಬಟ್ಟೆ ತೊಟ್ಟು ರೇಡಿಯೋದವರ ಬಾಗಿಲು ತಟ್ಟಿ ಹಾಡನ್ನು ಹಾಕಿಸುತ್ತಾಳೆ. ಮಾರಲ್ಪಟ್ಟವಳು ಈಗ ಮಾರುವವಳು. ಹಾಡು ಊರಿನಲ್ಲಿ ಓಡುತ್ತದೆ. ಜೈಲಿನ ಕಾವಲುಗಾರರಿಬ್ಬರು ತಮ್ಮದೂ ಒಂದು ಹಾಡಿದೆ, ಕೇಳುತ್ತೀಯಾ ಎಂದು ಡಿಜೇಯ ಮುಂದೆ ಬಂದು ನಿಲ್ಲುತ್ತಾರೆ. 2007ರಲ್ಲಿ ನಾವು ಚಪ್ಪಾಳೆ ತಟ್ಟಿದ್ದು ಇಲ್ಲಿ.

ನೋಲಾ ರೇಡಿಯೋ ಸ್ಟೇಷನ್ನುಗಳಿಗೆ ಅಲೆಯುವುದನ್ನು ನೋಡುವಾಗ ನನಗೆ ಅತ್ತಿಗೆ ಮತ್ತೆ ಕಣ್ಣಿಗೆ ಬಂದರು. ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಪಕ್ಕದ ಮನೆಯ ಪಿ.ಪಿ. ನಂಬರನ್ನು ಅಣ್ಣ ತಂಡದ ಕಾರ್ಡಿನ ಮೇಲೆ ಅಚ್ಚು ಹಾಕಿಸಿದ್ದ. ಹಗಲು ಫೋನ್ ಬಂದರೆ ಓಡಿಹೋಗಿ ಹಿಡಿಯುತ್ತಿದ್ದವರು ಅತ್ತಿಗೆ. ಗಣಪತಿ ಮಂಡಳಿಯವರ ಜೊತೆ ಚೌಕಾಸಿ ಮಾಡುತ್ತಿದ್ದವರೂ ಅವರೇ. ‘ಮೂರು ಸಾವಿರಕ್ಕೆ ಬರುವುದಿಲ್ಲ, ಹೋಗಿಬರುವ ವ್ಯಾನು ನಿಮ್ಮದು, ಅಡ್ವಾನ್ಸ್ ಐನೂರು ಇವತ್ತೇ ಕಳಿಸಿ’ ಎಂದು ಅವರು ಗಟ್ಟಿ ದನಿಯಲ್ಲಿ ಹೇಳುವುದು ನಮ್ಮ ಅಂಗಳಕ್ಕೆ ಕೇಳುತ್ತಿತ್ತು. ಅಣ್ಣನಾಗಿದ್ದರೆ ಎರಡಕ್ಕೇ ಒಪ್ಪುತ್ತಿದ್ದ. ಬುಕಿಂಗ್ ಬರೆದಿಡಲು ಹಾಲಿನ ಲೆಕ್ಕದ ನೋಟುಪುಸ್ತಕದ ಹಿಂದಿನ ಹಾಳೆಗಳನ್ನು ಬಳಸುತ್ತಿದ್ದರು. ಒಂದು ಕಾರ್ಯಕ್ರಮವನ್ನಾದರೂ ಅವರು ಮುಂದೆ ಕೂತು ನೋಡಿದ್ದು ನನಗೆ ನೆನಪಿಲ್ಲ. ನಾನು ನೋಡಿದ್ದೇನೆ. ವೇದಿಕೆಯ ಕೆಳಗೆ ಕೂತು, ಇವನು ನಮ್ಮಣ್ಣ ಎಂದು ಪಕ್ಕದವರಿಗೆ ಹೇಳಿದ್ದೇನೆ.

ಅಣ್ಣನ ಆರ್ಕೆಸ್ಟ್ರಾ ಆರೇಳು ವರ್ಷ ನಡೆಯಿತು. ಆಮೇಲೆ ಸಿಡಿ ಬಂತು, ಡಿಜೆ ಬಂತು, ಹಬ್ಬಕ್ಕೆ ಮನುಷ್ಯರು ನುಡಿಸುವುದು ಬೇಡವಾಯಿತು. ಯಾರೂ ಅವನ ಕ್ಯಾಸೆಟ್ಟನ್ನು ಎಲ್ಲೂ ಎಸೆಯಲಿಲ್ಲ, ಅವನನ್ನು ರೇಡಿಯೋದಲ್ಲೂ ಹಾಕಲಿಲ್ಲ. ಈಗ ಅವನದೇ ಬೀಜದ ಅಂಗಡಿ ಇದೆ. ಅವನ ಮಗ ಮೊಬೈಲಿನಲ್ಲೇ ಬೀಟ್ ಕಟ್ಟಿ ಕನ್ನಡದಲ್ಲಿ ರ‍್ಯಾಪ್ ಹಾಡಿ ಹಾಕುತ್ತಾನೆ, ಮೈಕು ಕೂಡ ಮೊಬೈಲಿನದೇ.

ಸಿನಿಮಾ ಮುಗಿಸಿದ ಮರುದಿನ ಭಾನುವಾರ, ಅತ್ತಿಗೆಗೆ ಫೋನ್ ಮಾಡಿದೆ. ಸಿನಿಮಾದ ವಿಷಯ ಎತ್ತಲಿಲ್ಲ, ಅದನ್ನು ಹೇಗೆ ಹೇಳುವುದು. ಮಾತಿನ ನಡುವೆ, ‘ಅತ್ತಿಗೆ, ಅಣ್ಣ ಕ್ಯಾಸಿಯೋ ತಂದಾಗ ನಿಮ್ಮ ಸರ ಅಡವಿಟ್ಟಿದ್ದಿರಲ್ಲ, ಅದನ್ನು ಬಿಡಿಸಿಕೊಳ್ಳಲು ಎಷ್ಟು ದಿನ ಹಿಡಿಯಿತು?’ ಎಂದೆ.

ಆ ಕಡೆ ಕುಕ್ಕರ್ ಕೂಗುತ್ತಿತ್ತು. ‘ಯಾವ ಸಲದ್ದು ಕೇಳುತ್ತಿದ್ದೀ?’ ಎಂದರು.

‘ಯಾವ ಸಲದ್ದು ಎಂದರೆ?’

‘ಕ್ಯಾಸಿಯೋಕ್ಕೆ ಒಂದು ಸಲ. ಮುಂದಿನ ವರ್ಷ ಆ ದೊಡ್ಡ ಸ್ಪೀಕರಿಗೆ ಒಂದು ಸಲ. ಆಮೇಲೆ ನಿನ್ನ ಕಾಲೇಜಿನ ಫೀಗೆ. ಆ ಮೂರನೆಯ ಸಲದ್ದು ಬಿಡಿಸಲು ಆಗಲೇ ಇಲ್ಲ, ತಮ್ಮಾ. ಈಗ ಇರುವುದು ಬೇರೆ ಸರ. ಒಂದು ನಿಮಿಷ ತಡಿ, ಗ್ಯಾಸ್ ಆರಿಸಿ ಬರುತ್ತೇನೆ.’